ವಿಮಾನದ ಆರನೆಯ ಬಾಯಿ

ಮೊದಲ ಸಲ ಡಾಕ್ಟರ ಫೋನು ಬಂದಾಗ ನಾನು ಶಹಾಬಾದಿನ ನಮ್ಮ ಮನೆಯ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆ. ಕೈಯೆಲ್ಲ ಹೊಟ್ಟು ಮೆತ್ತಿತ್ತು. ಮೊಬೈಲನ್ನು ಸ್ಪೀಕರಿಗೆ ಹಾಕಿದೆ.

“ಮೇಡಂ, ಹೊಟ್ಟಿ ಕೆಳಗ ಎಣ್ಣಿ ಸೋರ್ಲಿಕತ್ತದ. ಭಾಳ ಇಲ್ಲ. ಆದ್ರ ನಿಲ್ಲವಲ್ದು.”

ಪಕ್ಕದಲ್ಲಿದ್ದ ಅತ್ತೆ ಗಾಬರಿಯಾಗಿ ಮೊರ ಕೆಳಗಿಟ್ಟರು. “ಅಯ್ಯ ಪಾಪ, ಯಾರ ಹೊಟ್ಟಿ?”

“ವಿಮಾನದ್ದು ಅತ್ತಿ,” ಅಂದೆ. ಇಬ್ಬರೂ ನಕ್ಕೆವು. ಆ ಚಳಿಗಾಲದಲ್ಲಿ ಆ ವಿಮಾನದ ಮಾತಿಗೆ ನಾನು ನಕ್ಕಿದ್ದು ಅದೇ ಕೊನೆಯ ಸಲ.

ಡಾಕ್ಟರು ಸೇಡಂನಲ್ಲಿ ಸ್ವಂತ ದವಾಖಾನೆ ನಡೆಸುವವರು, ಅರವತ್ತು ದಾಟಿದವರು. ವಿಮಾನ ಅವರಿಗಿಂತ ಹಿರಿಯದು. ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಬಟ್ಟೆ ಹೊದಿಸಿ ಹಳದಿ ಬಣ್ಣ ಬಳಿದದ್ದು, ಒಂದರ ಹಿಂದೊಂದು ಎರಡೇ ಸೀಟು. ಮೂತಿಯಲ್ಲಿ ನಾಲ್ಕು ಸಿಲಿಂಡರಿನ ಎಂಜಿನ್ನು. ಅದು ಹಿಡಿಯುವ ಎಣ್ಣೆ ನಾಲ್ಕು ಲೀಟರೂ ಇಲ್ಲ. ಪೈಲಟ್ ಲೈಸೆನ್ಸ್ ಡಾಕ್ಟರದು, ದುರಸ್ತಿಯ ಲೈಸೆನ್ಸ್ ನನ್ನದು. ಕೆಲಸ ಮುಗಿಸಿ ಲಾಗ್‌ಬುಕ್ಕಿನಲ್ಲಿ ನಾನು ಸಹಿ ಮಾಡಿದರೆ ಮಾತ್ರ ಅದು ಹಾರಬಹುದು. ಇಲ್ಲವಾದರೆ ಕಾವಿಗೆ ಕೂತ ಕೋಳಿಯ ಹಾಗೆ ಶೆಡ್ಡಿನಲ್ಲೇ ಕೂತಿರಬೇಕು. ಹೆಂಗಸು ಸ್ಪ್ಯಾನರ್ ಹಿಡಿದದ್ದು ನೋಡಿ ಮೂಗು ಮುರಿದವರನ್ನೆಲ್ಲ ದಾಟಿ ಬಂದವಳು ನಾನು. ನನ್ನ ಸಹಿಯ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು ಅನ್ನಿ.

ಶೆಡ್ಡು ಇರುವುದು ಮಳಖೇಡಕ್ಕೂ ಸೇಡಂಗೂ ನಡುವೆ, ಎಂದೋ ಬಾಗಿಲು ಹಾಕಿದ ಒಂದು ಕಾರ್ಖಾನೆಯವರು ಮಾಡಿಸಿದ್ದ ಓಡುಪಟ್ಟಿಯ ಪಕ್ಕದಲ್ಲಿ. ಮೂರು ಕಡೆ ತೊಗರಿ ಹೊಲ, ಒಂದು ಕಡೆ ಸುಣ್ಣದಕಲ್ಲಿನ ಗಣಿ. ಗಾಳಿ ತಿರುಗಿತೆಂದರೆ ಗಣಿಯಾಚೆ ಇನ್ನೂ ನಡೆಯುತ್ತಿರುವ ಕಾರ್ಖಾನೆಯಿಂದ ಸಿಮೆಂಟಿನ ಧೂಳು ಬಂದು ತೊಗರಿಯ ಎಲೆಗಳೂ ಬೂದುಬಣ್ಣಕ್ಕೆ ತಿರುಗುತ್ತವೆ. ಶೆಡ್ಡನ್ನು ನೋಡಿಕೊಳ್ಳುವವರು ಒಬ್ಬ ಚಾಚಾ. ಜೀವಮಾನವಿಡೀ ಸಿಮೆಂಟು ಚೀಲ ತುಂಬುವ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಧೂಳೆಂದರೆ ಏನೆಂದು ಅವರ ಎದೆಗೂಡಿಗೆ ಗೊತ್ತು. ಮಾತಿನ ನಡುವೆ ಕೆಮ್ಮುತ್ತಾರೆ, ಕೆಮ್ಮಿನ ನಡುವೆ ನಗುತ್ತಾರೆ.

ಆ ಧೂಳಿನ ಸಲುವಾಗಿಯೇ ಎರಡು ವರ್ಷದ ಹಿಂದೆ ನಾನು ಶೆಡ್ಡಿನ ಗೋಡೆಯ ಮೇಲೆ ಬಣ್ಣದಲ್ಲಿ ಒಂದು ಪಟ್ಟಿ ಬರೆದಿದ್ದೆ: ಸಂಜೆ ಮುಚ್ಚಬೇಕಾದ ಬಾಯಿಗಳು ಏಳು. ತಂಪುಗಾಳಿ ಒಳಹೋಗುವ ಎರಡು ದೊಡ್ಡ ಕಂಡಿ, ಎಂಜಿನ್ನಿನ ಗಾಳಿಬಾಯಿ, ವೇಗ ಅಳೆಯುವ ಕೊಳವೆ, ಹೊಗೆ ಕೊಳವೆ, ಆರನೆಯದು ಎಂಜಿನ್ನಿನ ಉಸಿರುಕೊಳವೆ, ಏಳನೆಯದು ಪೆಟ್ರೋಲ್ ಟಾಕಿಯ ಗಾಳಿತೂತು. ಚಾಚಾ ದಿನಾ ಸಂಜೆ ಏಳಕ್ಕೂ ಬಟ್ಟೆ ತುರುಕಿ ಕಟ್ಟುತ್ತಿದ್ದರು, ಹಾರುವ ದಿನ ಬೆಳಿಗ್ಗೆ ಏಳನ್ನೂ ಬಿಚ್ಚಿ ಎಣಿಸಿ ಡಾಕ್ಟರ ಕೈಗೆ ಕೊಡುತ್ತಿದ್ದರು. ಒಂದು ದಿನವೂ ತಪ್ಪಿಸಿದವರಲ್ಲ. ಮಳೆಗಾಲದಲ್ಲಿ ಹಾರಾಟ ಕಡಿಮೆ. ಆಗ ನಾನು ಹೋಗುವುದೂ ಕಡಿಮೆ. ಟಾಯರಿನ ಗಾಳಿ ಇಳಿದರೆ, ಇಲಿ ಕಂಡರೆ, ರೆಕ್ಕೆಯ ಸಂದಿಯಲ್ಲಿ ಕಣಜ ಗೂಡು ಕಟ್ಟಿದರೆ ಚಾಚಾ ಫೋನು ಮಾಡಿ ಕೇಳುತ್ತಿದ್ದರು. ನಾನು ಎಲ್ಲಿರುತ್ತಿದ್ದೆನೋ ಅಲ್ಲಿಂದಲೇ ಉತ್ತರ ಹೇಳಿ ಮುಗಿಸುತ್ತಿದ್ದೆ.

ಡಾಕ್ಟರ ಫೋನು ಬಂದ ಮರುದಿನ ಹೋದೆ. ಎಂಜಿನ್ನಿನ ಮುಚ್ಚಳ ತೆಗೆದರೆ ಬಲಗಡೆಯೆಲ್ಲ ಎಣ್ಣೆಯ ಜಿಡ್ಡು. ಎಣ್ಣೆ ಕಂಡ ಜಾಗವೇ ಸೋರುವ ಜಾಗವಲ್ಲ. ಹಾರುವಾಗ ಗಾಳಿ ಅದನ್ನು ಹಿಂದಕ್ಕೂ ಕೆಳಕ್ಕೂ ಒಯ್ಯುತ್ತದೆ, ಮೂತಿಯಲ್ಲಿ ಹೊರಟ ಹನಿ ಬಾಲದ ಹತ್ತಿರ ಸಿಕ್ಕುತ್ತದೆ. ಹಾಗಾಗಿ ಮೊದಲು ಇಡೀ ಎಂಜಿನ್ನನ್ನು ತೊಳೆದು ಒಣಗಿಸಬೇಕು. ಆಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಬೇಕು. ನೆಲದ ಮೇಲೇ ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿದರೆ ಬಿಳಿಯ ಮೇಲೆ ಎಣ್ಣೆಯ ಕಪ್ಪು ಗೆರೆ ತಾನಾಗಿ ಹುಟ್ಟಿದ ಜಾಗ ತೋರಿಸುತ್ತದೆ.

ತೋರಿಸಿತು. ಎರಡನೆಯ ಸಿಲಿಂಡರಿನ ಮೇಲುಮುಚ್ಚಳದ ಗ್ಯಾಸ್ಕೆಟ್ ಸುತ್ತ ತೆಳುವಾದ ಗೆರೆ. ಹಳೆಯ ಕಾರ್ಕಿನ ಗ್ಯಾಸ್ಕೆಟ್, ಒಣಗಿ ಹಪ್ಪಳವಾಗಿತ್ತು. ಬದಲಿಸಿದೆ. ಮತ್ತೆ ಪೌಡರ್, ಮತ್ತೆ ಐದು ನಿಮಿಷ. ಬಿಳಿ ಬಿಳಿಯಾಗೇ ಉಳಿಯಿತು. ಮುಚ್ಚಳ ಹಾಕುವ ಮುಂಚೆ ಒಳಗೆಲ್ಲ ಕಣ್ಣಾಡಿಸಿದಾಗ ಉಸಿರುಕೊಳವೆಗೆ ಬೆಳ್ಳಿಬಣ್ಣ ಹಚ್ಚಿದ್ದು ಕಂಡಿತು.

“ಏನ್ರಿ ಚಾಚಾ, ಪೈಪ್ ಮದಿಮಗನಂಗ ಮಾಡೀರಲ್ಲ!” ಅಂದೆ.

“ಜಂಗ್ ಹಿಡೀಬಾರ್ದಂತ ಹಚ್ಚೀನಿ ಬೇಟಾ,” ಎಂದು ಚಾಚಾ ನಾಚಿಕೊಂಡರು.

ನಾನು ಸಹಿ ಮಾಡಿದೆ.

ಹತ್ತು ದಿನಕ್ಕೆ ಮತ್ತೆ ಫೋನು. ಈ ಸಲ ಎಡಗಡೆ. ಸಿಲಿಂಡರಿನ ಕೆಳಗೆ ಹಾದುಹೋಗುವ ಸಣ್ಣ ಕೊಳವೆಗಳ ತುದಿಯ ರಬ್ಬರು ತೊಟ್ಟಿಕ್ಕುತ್ತಿತ್ತು. ರಬ್ಬರು ನೋಡಿದರೆ ಅಷ್ಟೇನೂ ಹಳೆಯದಲ್ಲ, ಬೆರಳಿಗೆ ಇನ್ನೂ ಮೆತ್ತಗಿತ್ತು. ಮೆತ್ತಗಿರುವ ರಬ್ಬರು ಯಾಕೆ ಸೋರಬೇಕು ಎಂದು ಒಂದು ಕ್ಷಣ ಕೈ ತಡೆಯಿತು. ಆದರೆ ಹೊಸ ರಬ್ಬರು ಚೀಲದಲ್ಲೇ ಇತ್ತು, ರೈಲಿನ ಹೊತ್ತಾಗಿತ್ತು. ಎಂಟು ಕೊಳವೆಗಳ ರಬ್ಬರನ್ನೂ ಬದಲಿಸಿದೆ. ಪೌಡರ್ ಹಾಕಿ ಓಡಿಸಿ ನೋಡಿದೆ, ಎಲ್ಲ ಒಣ. ಸಹಿ ಮಾಡಿದೆ.

ಹೊಲದ ಕಡೆಯ ಗಾಳಿ ನಿಂತುಹೋಗಿ ಗಣಿಯ ಕಡೆಯ ಧೂಳು ಓಡುಪಟ್ಟಿಯ ಮೇಲೆ ಅಲ್ಲಾಡದೆ ತೂಗಿಕೊಂಡಿತ್ತು. ಚಾಚಾ ಸಂಜೆಯ ಬಟ್ಟೆಗಳನ್ನು ಬಕೀಟಿನಲ್ಲಿ ಅದ್ದಿ ಹಿಂಡುತ್ತಿದ್ದರು. ಚೀಲ ತುಂಬುವ ವಿಭಾಗದಲ್ಲಿ ಅವರು ಮೂಗಿಗೆ ಕಟ್ಟಿಕೊಳ್ಳುತ್ತಿದ್ದದ್ದೂ ಒದ್ದೆ ಬಟ್ಟೆಯೇ. ಒಣ ಬಟ್ಟೆ ಧೂಳನ್ನು ಬಿಟ್ಟುಕೊಡುತ್ತದೆ, ಒದ್ದೆ ಬಟ್ಟೆ ಹಿಡಿಯುತ್ತದೆ. ಅದು ಅಲ್ಲಿ ದುಡಿದವರೆಲ್ಲ ಬಲ್ಲ ಮಾತು. ಎರಡು ವರ್ಷದಿಂದ ನೋಡುತ್ತಿದ್ದ ನೋಟ ಅದು, ಅವತ್ತೂ ನೋಡಿ ನಡೆದುಬಿಟ್ಟೆ.

ಮೂರನೆಯ ಸಲ ಡಾಕ್ಟರ ದನಿಯಲ್ಲಿ ಎಂದಿನ ಹಗುರ ಇರಲಿಲ್ಲ. “ಚಿತ್ತಾಪುರ ಮಟಾ ಹೋಗಿ ತಿರುಗಿ ಬರೋತನ ಮುಂದಿನ ಕಾಜಿನ ಮ್ಯಾಲ ಎಣ್ಣಿ ಬಂದ್ಬಿಡ್ತು ಮೇಡಂ. ಬಾಜೂಕಿಂದ ಇಣಿಕಿ ಇಳಿಸೀನಿ.” ಎಣ್ಣೆ ಅಳೆದಿರಾ ಎಂದು ಕೇಳಿದೆ. ಒಂದು ಲೀಟರಿಗೂ ಮಿಕ್ಕಿ ಇಳಿದಿತ್ತು, ಅದೂ ಅರ್ಧ ತಾಸಿನಲ್ಲಿ. ಇನ್ನೊಂದು ತಾಸು ಹಾರಿದ್ದರೆ ಏನಾಗುತ್ತಿತ್ತು ಎಂಬ ಲೆಕ್ಕ ಇಬ್ಬರಿಗೂ ಬರುತ್ತಿತ್ತು.

ಹೋಗಿ ನೋಡಿದರೆ ಮೂತಿಯ ಆಯಿಲ್ ಸೀಲ್ ಹೋಗಿತ್ತು. ಪ್ರೊಪೆಲ್ಲರಿನ ಹಿಂದೆ, ತಿರುಗುವ ಶಾಫ್ಟಿನ ಸುತ್ತ ಬಿಗಿಯಾಗಿ ಕೂರುವ ರಬ್ಬರಿನ ಉಂಗುರ ಅದು. ಹಳತಾಗಿ ಸವೆದಿದ್ದರೆ ಅದರ ಒಳಂಚು ಸವೆದಿರಬೇಕು. ಇದು ಸವೆದಿರಲಿಲ್ಲ. ತನ್ನ ಜಾಗ ಬಿಟ್ಟು ಮುಂದಕ್ಕೆ ಸರಿದಿತ್ತು, ಒಳಗಿನಿಂದ ಯಾರೋ ಹೆಬ್ಬೆರಳಿಟ್ಟು ನೂಕಿದ ಹಾಗೆ. ಒಂದು ತಿಂಗಳೊಳಗೆ ಮೂರು ಜಾಗ, ಮೂರೂ ಸುಸ್ಥಿತಿಯಲ್ಲಿದ್ದ ಎಂಜಿನ್ನಿನದು. ಹುತ್ತ ಬಡಿದರೆ ಹಾವು ಸಾಯುತ್ತದೆಯೇ ಎಂಬ ಗಾದೆ ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಕೈಯಲ್ಲಿ ಕೋಲಿದ್ದವರು ಹುತ್ತವನ್ನೇ ಬಡಿಯುತ್ತಾರೆ. ಪ್ರೊಪೆಲ್ಲರ್ ಇಳಿಸಿ, ಜಾಗ ಉಜ್ಜಿ ತೊಳೆದು, ಹೊಸ ಸೀಲು ಕೂರಿಸಿದೆ. ಎರಡು ದಿನ ಹಿಡಿಯಿತು. ಈ ಸಲ ನೆಲದ ಮೇಲೆ ಹತ್ತು ನಿಮಿಷ ಓಡಿಸಿದೆ. ಪೌಡರು ಬೆಳ್ಳಗೆ ಹೊಳೆಯಿತು.

“ಐತವಾರ ಚಾಚಾನ್ನ ಕರ್ಕೊಂಡು ಹೋಗ್ತೀನಿ ಮೇಡಂ. ಹೋದ ವರ್ಷದಿಂದ ಮಾತು ಕೊಟ್ಟೀನಿ,” ಅಂದರು ಡಾಕ್ಟರು.

ಚಾಚಾ ಹುಟ್ಟಿದ್ದು ಚಿಂಚೋಳಿಯ ಆಚೆ, ಕಾಡಂಚಿನ ಒಂದು ಸಣ್ಣ ಊರಿನಲ್ಲಿ. ಜೀವನವಿಡೀ ವಿಮಾನ ತಲೆಯ ಮೇಲೆ ಕಂಡದ್ದು, ಈಚೆಗೆ ಕೈಯಿಂದ ಒರೆಸಿದ್ದು. ಒಳಗೆ ಕೂತದ್ದು ಇಲ್ಲವೇ ಇಲ್ಲ. “ನಮ್ಮ ಊರು ಮ್ಯಾಗಿಂದ ಹೆಂಗ ಕಾಣ್ತದಂತ ಒಂದ್ ಸಲ ನೋಡ್ತೀನಿ ಬೇಟಾ. ಅಷ್ಟಾದ್ರ ಬಸ್,” ಎಂದರು. ಕಣ್ಣು ಎಳೆಯ ಹುಡುಗನ ಕಣ್ಣಿನ ಹಾಗಿತ್ತು. ಅದನ್ನು ನೋಡುತ್ತಲೇ ಮೂರನೆಯ ಸಹಿ ಮಾಡಿದೆ. ಮನಸ್ಸಿನಲ್ಲಿ ಒಂದು ಮುಳ್ಳು ಇತ್ತು, ಇರಲಿಲ್ಲ ಅನ್ನಲಾರೆ.

ಭಾನುವಾರ ಬೆಳಿಗ್ಗೆ ಮನೆಯಲ್ಲಿ ಬೇಳೆ ಬೇಯಲು ಇಟ್ಟಿದ್ದೆ. ತೊಗರಿ ಬೇಳೆಯ ನೊರೆ ಕುಕ್ಕರಿನ ಸೀಟಿಯ ಬಾಯಿಗೆ ಸಿಕ್ಕಿಕೊಂಡಿತ್ತೋ ಏನೋ, ಸೀಟಿ ಕೂಗಲೇ ಇಲ್ಲ. ಸ್ವಲ್ಪ ಹೊತ್ತಿಗೆ ಮುಚ್ಚಳದ ಅಂಚಿನಿಂದ ಬುಸ್ಸೆಂದು ಹಳದಿ ನೀರು ಚಿಮ್ಮಿತು. ಅತ್ತೆ ಒಲೆ ಆರಿಸಿದರು.

“ಗ್ಯಾಸ್ಕೆಟ್ ಹೋಗ್ಯಾದೇನೋ, ಹೊಸಾದು ತರಸು,” ಅಂದರು.

“ಗ್ಯಾಸ್ಕೆಟ್ ಹೋದ ತಿಂಗಳ ತಂದದ್ದು ಅತ್ತಿ. ಸೀಟಿ ಕಟ್ಟ್ಯಾದ…”

ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟೆ. ಮೂರು ಗ್ಯಾಸ್ಕೆಟ್ ಬದಲಿಸಿದ್ದೆ. ಸೀಟಿ ನೋಡಿರಲಿಲ್ಲ.

ಎಂಜಿನ್ ಓಡುವಾಗ ಸಿಲಿಂಡರುಗಳಿಂದ ಸ್ವಲ್ಪ ಬಿಸಿಗಾಳಿ ಕೆಳಗೆ ಎಣ್ಣೆಯ ಕೋಣೆಗೆ ನುಸುಳುತ್ತದೆ. ಅದು ಹೊರಗೆ ಹೋಗಲೆಂದೇ ಉಸಿರುಕೊಳವೆ ಇರುವುದು. ಅದು ಕಟ್ಟಿದರೆ ಒಳಗೆ ಒತ್ತಡ ಏರಿ, ಎಲ್ಲಿ ಬಿಗಿ ಕಡಿಮೆಯೋ ಅಲ್ಲಿಂದ ಎಣ್ಣೆಯನ್ನು ಹೊರನೂಕುತ್ತದೆ. ಒಂದು ಜಾಗ ಬಿಗಿ ಮಾಡಿದರೆ ಅದು ಇನ್ನೊಂದು ಜಾಗ ಹುಡುಕುತ್ತದೆ. ನಾನು ಮೂರನ್ನೂ ಬಿಗಿ ಮಾಡಿದ್ದೆ. ಇನ್ನು ಅದಕ್ಕೆ ಉಳಿದ ದಾರಿ ಹೊಸದಾಗಿ ಕೂರಿಸಿದ ಆ ಸೀಲು, ಅದೂ ಒಮ್ಮೆಗೇ. ನೆಲದ ಮೇಲೆ ನಿಧಾನಕ್ಕೆ ಓಡಿಸಿದರೆ ಗೊತ್ತಾಗದು. ಪೂರ್ತಿ ಜೋರಿನಲ್ಲಿ ಇಬ್ಬರನ್ನು ಹೊತ್ತು ಮೇಲೇರುವಾಗ ಗೊತ್ತಾಗುತ್ತದೆ. ಚಿಂಚೋಳಿಯ ಕಾಡಿನ ಮೇಲೆ ಎಣ್ಣೆ ಖಾಲಿಯಾಗಿ ಎಂಜಿನ್ ಬಿಗಿದು ನಿಂತುಹೋದರೆ ಇಳಿಯಲು ಗದ್ದೆಯಿಲ್ಲ, ರಸ್ತೆಯಿಲ್ಲ, ಬರೀ ಮರದ ತುದಿ.

ಡಾಕ್ಟರಿಗೆ ಫೋನು ಮಾಡಿದೆ. ಸ್ವಿಚ್ ಆಫ್. ಹಾರುವ ಮುಂಚೆ ಅವರು ಫೋನು ಮುಚ್ಚಿಡುತ್ತಾರೆ, ನಾನೇ ಕಲಿಸಿದ್ದು. ಚಾಚಾನದು ಗಂಟೆ ಬಾರಿಸಿ ಬಾರಿಸಿ ನಿಂತಿತು. ಹೊಸ ಅಂಗಿ ಹಾಕಿಕೊಂಡು ಹಳೆಯ ಅಂಗಿಯನ್ನು ಶೆಡ್ಡಿನ ಮೊಳೆಗೆ ತೂಗಿಸಿದ್ದರಂತೆ, ಫೋನು ಅದರ ಜೇಬಿನಲ್ಲಿತ್ತು.

ಕಾರು ತೆಗೆದೆ. ವಾಡಿ ದಾಟುವವರೆಗೆ ರಸ್ತೆ ತೆರವಾಗಿತ್ತು. ಮುಂದೆ ರೈಲುಗೇಟು ಬಿದ್ದಿತ್ತು. ಸಿಮೆಂಟು ತುಂಬಿದ ಗೂಡ್ಸ್ ಗಾಡಿ, ಬೂದು ಡಬ್ಬಿಗಳು ಒಂದರ ಹಿಂದೊಂದು, ಎಣಿಸಲು ಶುರುಮಾಡಿ ನಡುವೆ ಬಿಟ್ಟೆ. ಆ ಗೇಟಿನ ಮುಂದೆ ನಿಂತಾಗಲೇ ನನಗೆ ಇನ್ನೊಂದು ನೆನಪಾದದ್ದು. ಅದನ್ನು ನೆನಪು ಅನ್ನುವುದಕ್ಕಿಂತ ಏಟು ಅನ್ನಬೇಕು.

ಮಳೆಗಾಲದಲ್ಲಿ ಒಂದು ದಿನ ವಾಡಿಯ ಪ್ಲಾಟ್‌ಫಾರಂ ಮೇಲೆ ನಾನು ರೈಲು ಬದಲಿಸಲು ಓಡುತ್ತಿದ್ದಾಗ ಚಾಚಾನ ಫೋನು ಬಂದಿತ್ತು. “ಬೇಟಾ, ಉಸಿರಿನ ಪೈಪಿಗಿ ಮ್ಯಾಗ ಒಂದು ಸೀಳು ಕಾಣ್ಲಿಕತ್ತದ. ಏನ್ ಮಾಡ್ಲಿ?” ಆ ಸೀಳು ಒಡೆದದ್ದಲ್ಲ. ತಯಾರಿಸಿದವರೇ ಕೊರೆದದ್ದು. ಕೊಳವೆಯ ಬಾಯಿ ಎಂದಾದರೂ ಕಟ್ಟಿದರೆ ಎಂಜಿನ್ ಅಲ್ಲಿಂದ ಉಸಿರು ಬಿಡಲಿ ಎಂದು. ಅದು ನನಗೆ ಗೊತ್ತಿತ್ತು, ನನ್ನ ಹೆಸರು ಗೊತ್ತಿದ್ದ ಹಾಗೆ ಗೊತ್ತಿತ್ತು. ಆದರೆ ಎದುರಿಗೆ ರೈಲು ಹೊರಟಿತ್ತು. “ಸದ್ಯಕ್ಕ ಮುಚ್ಚಿಡ್ರಿ ಚಾಚಾ, ನಾ ಬಂದ್ ನೋಡ್ತೀನಿ,” ಅಂದಿದ್ದೆ. ಬಂದೆ. ನೋಡಲಿಲ್ಲ. ಬೆಳ್ಳಿಬಣ್ಣ ನೋಡಿ ಹೊಗಳಿ ಹೋದೆ.

ಗೇಟು ಎದ್ದಿತು. ಚಿತ್ತಾಪುರ ದಾಟಿ ಮಳಖೇಡದವರೆಗೆ ಯಾವ ದಾರಿಯಲ್ಲಿ ಹೇಗೆ ಓಡಿಸಿದೆನೋ ಇವತ್ತಿಗೂ ಸರಿಯಾಗಿ ಹೇಳಲಾರೆ.

ನಾನು ಓಡುಪಟ್ಟಿಯ ಹತ್ತಿರ ತಿರುಗಿದಾಗ ಹಳದಿ ವಿಮಾನ ಆ ತುದಿಯಲ್ಲಿ ನನ್ನ ಕಡೆ ಮುಖ ಮಾಡಿ ನಿಂತಿತ್ತು. ಎಂಜಿನ್ ಜೋರು ಮಾಡಿ ಇಳಿಸಿ ಪರೀಕ್ಷಿಸುವ ಸದ್ದು ಕೇಳುತ್ತಿತ್ತು. ಅದಾದ ಮೇಲೆ ಬ್ರೇಕ್ ಬಿಡುವುದೊಂದೇ ಬಾಕಿ. ಕೈ ಬೀಸಿದರೆ ಡಾಕ್ಟರು ಶುಭಾಶಯ ಅಂದುಕೊಳ್ಳುತ್ತಾರೆ ಅನ್ನಿಸಿತು. ಕಲ್ಲು ಹಾರಿಸುತ್ತ ಕಾರನ್ನು ಪಟ್ಟಿಯ ಮೇಲೆ ಹತ್ತಿಸಿ, ನಟ್ಟನಡುವೆ ಅಡ್ಡ ನಿಲ್ಲಿಸಿ, ಕೀಲಿ ತೆಗೆದುಕೊಂಡು ಇಳಿದೆ.

ಎಂಜಿನ್ ನಿಂತಿತು. ಡಾಕ್ಟರು ಇಳಿದು ಬಂದರು. ಅಷ್ಟು ವರ್ಷದಲ್ಲಿ ಅವರು ನನ್ನ ಮೇಲೆ ದನಿ ಏರಿಸಿದ್ದು ಅದೇ ಮೊದಲು.

“ಏನ್ರಿ ಮೇಡಂ ಇದು? ತಲಿ ಸರಿ ಅದ ಏನು? ಮೊನ್ನಿ ನೀವೇ ಸಹಿ ಮಾಡೀರಲ್ಲ?”

“ಹೌದ್ರಿ. ಆ ಸಹಿ ವಾಪಸ್ ತಗೊಳ್ಲಿಕ್ಕೆ ಬಂದೀನಿ.”

ಮುಂದಿನ ಸೀಟಿನಲ್ಲಿ ಚಾಚಾ ಇದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಸ ಟೋಪಿ, ಕಣ್ಣಿಗೆ ಸುರ್ಮಾ. ಬೆಲ್ಟು ಬಿಗಿದುಕೊಂಡು ಎರಡೂ ಕೈ ತೊಡೆಯ ಮೇಲಿಟ್ಟು ಅಲ್ಲಾಡದೆ ಕೂತಿದ್ದರು. ಬೆಲ್ಟು ಬಿಚ್ಚಿ ಅವರನ್ನು ಇಳಿಸಿದೆ.

ವಿಮಾನವನ್ನು ಶೆಡ್ಡಿಗೆ ತಳ್ಳಿ ಮೂತಿಯ ಕೆಳಗೆ ಮಲಗಿದೆ. ಉಸಿರುಕೊಳವೆಯ ಬಾಯಿ ಹೊರಗಿನಿಂದ ತೆರೆದೇ ಇತ್ತು. ತೆಳು ತಂತಿ ಹಾಕಿದೆ. ಒಂದು ಬೆರಳಿನಷ್ಟು ಒಳಹೋಗಿ ಟಕ್ ಎಂದು ನಿಂತಿತು. ಕೊಳವೆ ಬಿಚ್ಚಿ ತಂದು ಬಾಗಿಲ ಬೆಳಕಿಗೆ ಹಿಡಿದೆ. ಒಳಗೆ ಸುತ್ತಲೂ ಬೂದುಬಣ್ಣದ ಗಟ್ಟಿ ಉಂಗುರ, ನಡುವೆ ಜೋಳದ ಕಾಳು ತೂರುವಷ್ಟು ತೂತು. ಸ್ಕ್ರೂಡ್ರೈವರಿನಿಂದ ಕುಟ್ಟಿದರೆ ಗೋಡೆ ಕುಟ್ಟಿದ ಸದ್ದು. ಸಿಮೆಂಟು! ಪ್ರತಿ ಸಂಜೆ ತುರುಕಿದ ಒದ್ದೆ ಬಟ್ಟೆ ಗಾಳಿಯ ಧೂಳನ್ನು ಹಿಡಿದಿತ್ತು. ಬಟ್ಟೆಯ ನೀರೂ ಎಂಜಿನ್ನಿನ ಉಸಿರಿನ ಹಬೆಯೂ ಕೂಡಿ ಆ ಧೂಳನ್ನು ದಿನಕ್ಕೊಂದು ಪದರವಾಗಿ ಗಟ್ಟಿ ಮಾಡಿದ್ದವು. ಬಾಯಿಯನ್ನು ಧೂಳಿನಿಂದ ಕಾಯಲೆಂದು ಕಟ್ಟಿದ ಬಟ್ಟೆ ಒಳಗೊಳಗೇ ಗೋಡೆ ಕಟ್ಟಿತ್ತು. ಮೇಲಿನ ಬೆಳ್ಳಿಬಣ್ಣವನ್ನು ಕೆರೆದೆ. ಸೀಳಿನ ಉದ್ದಕ್ಕೂ ಬಿರುಕು ತುಂಬುವ ಪುಟ್ಟಿ ಮೆತ್ತಿ, ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡಿ ಬಣ್ಣ ಹೊಡೆದಿತ್ತು. ಅಷ್ಟು ಅಂದದ ಕೆಲಸ ನನ್ನ ಕೈಯಿಂದಲೂ ಆಗದು.

ಡಾಕ್ಟರು ಕೊಳವೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಇದನ್ನ ಮುಚ್ಚಿದವ್ರು ಯಾರು?”

ಹೇಳಬೇಕಾದವಳು ನಾನು. ಹೇಳಲಿಲ್ಲ. ಅದನ್ನು ಇಲ್ಲಿ ಬರೆದೇ ತೀರಬೇಕು.

“ನಾನೇ ಡಾಕ್ಟರ್ ಸಾಬ್,” ಅಂದರು ಚಾಚಾ. “ಸೀಳು ಬಿಟ್ಟದಂತ ತಿಳ್ಕೊಂಡು ಮುಚ್ಚೀನಿ. ನನ್ನ ಕೈಲೇ ಆಗ್ಯಾದ. ಗಲ್ತಿ ನಂದೇ.”

“ಯಾರನ್ನಾ ಕೇಳಿ ಮಾಡ್ಬೇಕಿಲ್ಲೇನು? ನಿಮ್ಮ ಜೀವ, ನನ್ನ ಜೀವ ಎರಡೂ ಹೋಗ್ತಿದ್ವಲ್ಲ ಚಾಚಾ!” ಡಾಕ್ಟರು ಕೈ ಚಾಚಿದರು. “ಶೆಡ್ಡಿನ ಚಾವಿ ಕೊಡ್ರಿ. ಇನ್ಮ್ಯಾಲ ನೀವು ಬರೋದು ಬ್ಯಾಡ.”

ಚಾಚಾ ಸೊಂಟದ ದಾರದಿಂದ ಕೀಲಿ ಬಿಚ್ಚಲು ತೊಡಗಿದರು. ಗಂಟು ಬಿಗಿಯಾಗಿತ್ತು, ಬೆರಳು ಸೋಲುತ್ತಿದ್ದವು. ನಾನು ನನ್ನ ಡಬ್ಬಿಯ ಮುಂದೆ ಕೂತು ಸ್ಪ್ಯಾನರುಗಳನ್ನು ಒರೆಸಿದ್ದನ್ನೇ ಒರೆಸುತ್ತಿದ್ದೆ. ಬಾಯಿ ತೆರೆದರೆ ಲೈಸೆನ್ಸ್ ಹೋಗಬಹುದು. ತೆರೆಯದಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಫೋನಿನ ಮಾತಿಗೆ ಸಾಕ್ಷಿ ಎಲ್ಲಿ? ಅಷ್ಟು ಕೊಳಕು ಲೆಕ್ಕ ನನ್ನ ತಲೆಯಲ್ಲಿ ಅಷ್ಟು ಬೇಗ ನಡೆಯಿತಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ.

ಕೊನೆಗೆ ನನ್ನನ್ನು ಎಬ್ಬಿಸಿದ್ದು ಒಳ್ಳೆಯತನವಲ್ಲ, ರೂಢಿ. ದೋಷ ಸಿಕ್ಕ ಮೇಲೆ ಲಾಗ್‌ಬುಕ್ಕಿನಲ್ಲಿ ಬರೆಯಬೇಕು. ಏನು ಕೆಟ್ಟಿತು, ಯಾಕೆ ಕೆಟ್ಟಿತು. ಪುಸ್ತಕ ತೆರೆದು ‘ಉಸಿರುಕೊಳವೆ ಮುಚ್ಚಿಹೋಗಿದೆ’ ಎಂದು ಬರೆದೆ. ‘ಕಾರಣ’ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಅದೇ ಹಾಳೆಯ ಮೇಲುಗಡೆ ನನ್ನ ಮೂರು ಸಹಿಗಳು, ದುಂಡಗೆ, ಜಂಬದಿಂದ ಕೂತಿದ್ದವು. ಬರೆದು ಮುಗಿಸಿ ಗಟ್ಟಿಯಾಗಿ ಓದಿದೆ: “ಸೀಳನ್ನು ಮುಚ್ಚಲು ಫೋನಿನಲ್ಲಿ ಹೇಳಿದವಳು ನಾನು. ಬಾಯಿ ಕಟ್ಟಲು ಗೋಡೆಯ ಮೇಲೆ ಬರೆದವಳೂ ನಾನು. ಆಮೇಲೆ ಮೂರು ಸಲ ಬಂದರೂ ನೋಡಲಿಲ್ಲ.”

ಡಾಕ್ಟರು ನನ್ನನ್ನೇ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಚಾಚಾನ ಕೈಯಿಂದ ತಗೊಂಡಿದ್ದ ಕೀಲಿಯನ್ನು ಅವರ ಅಂಗೈಯಲ್ಲೇ ವಾಪಸಿಟ್ಟು, ತಮ್ಮ ಕಾರು ಹತ್ತಿ ಸೇಡಂ ಕಡೆಗೆ ಹೋದರು.

ಚಾಚಾ ನನ್ನ ಹತ್ತಿರ ಬಂದು ಕುಕ್ಕರಗಾಲಿನಲ್ಲಿ ಕೂತರು. “ಯಾಕ ಬರ್ದಿ ಬೇಟಾ? ನನ್ನ ಕಡಿಂದ ಹೋಗೋದು ಒಂದು ಚಾವಿ. ನಿನ್ನ ಕಡಿಂದ ಹೋಗೋದು ಲೈಸನ್ಸ್.”

ಅವರಿಗೆ ಫೋನಿನ ಮಾತು ನೆನಪಿತ್ತು. ಮೊದಲಿನಿಂದ ನೆನಪಿತ್ತು. ನನಗೆ ಅಳು ತಡೆಯಲಾಗಲಿಲ್ಲ.

ಒಂದು ವಾರ ಡಾಕ್ಟರ ಫೋನು ಬರಲಿಲ್ಲ. ಆ ವಾರದಲ್ಲೇ ಲೈಸೆನ್ಸ್ ಕೊಡುವ ಮೇಲಿನ ಕಚೇರಿಗೆ ನಾನು ಎಲ್ಲ ಬರೆದು ಕಳಿಸಿದೆ. ಅವರು ಆಮೇಲೆ ಯಾವಾಗಲೋ ವಿವರಣೆ ಕೇಳಿದರು, ಕೊಟ್ಟೆ. ಎಚ್ಚರಿಕೆಯ ಪತ್ರ ಬಂತು, ಲೈಸೆನ್ಸ್ ಉಳಿಯಿತು. ಎಂಟನೆಯ ದಿನ ಡಾಕ್ಟರು “ಯಾವಾಗ ಬರ್ತೀರಿ?” ಎಂದಷ್ಟೇ ಕೇಳಿದರು. ಹೋಗಿ ಹೊಸ ಕೊಳವೆ ಹಾಕಿದೆ. ಎಣ್ಣೆ ಪೂರ್ತಿ ಇಳಿಸಿ ಜಾಲರಿಯಲ್ಲಿ ಲೋಹದ ಚೂರಿದೆಯೇ ಎಂದು ಬೆರಳಿನಿಂದ ತಡವಿ ನೋಡಿದೆ, ಇರಲಿಲ್ಲ. ಮೂತಿಯ ಹೊಸ ಸೀಲು ಆಗಲೇ ಕೂದಲೆಳೆಯಷ್ಟು ಸರಿದಿತ್ತು. ಅವತ್ತು ಹಾರಿದ್ದರೆ ಎಂಬ ಮಾತನ್ನು ನುಂಗಿಕೊಂಡು ಅದನ್ನೂ ಬದಲಿಸಿದೆ. ಡಾಕ್ಟರು ಒಬ್ಬರೇ ಓಡುಪಟ್ಟಿಯ ಮೇಲೆಯೇ ಸುತ್ತು ಹಾಕುತ್ತ ಮೂರು ದಿನ ಹಾರಿ ನೋಡಿದರು. ಎಂಜಿನ್ ಒಣಗಿಯೇ ಇತ್ತು. ಗೋಡೆಯ ಪಟ್ಟಿಯಲ್ಲಿ ಆರನೆಯ ಸಾಲಿನ ಮೇಲೆ ಸುಣ್ಣ ಬಳಿಯಲು ಹೋದೆ. ಚಾಚಾ ಬಿಡಲಿಲ್ಲ. “ಇರ್ಲಿ ಬಿಡು. ಅಡ್ಡ ಗೆರಿ ಎಳಿ ಸಾಕು. ಏನಿತ್ತಂತ ಕಾಣ್ಬೇಕು,” ಅಂದರು.

ಮತ್ತೊಂದು ಭಾನುವಾರ ಬಂತು. ಆಕಾಶ ತಿಳಿಯಾಗಿರಲಿಲ್ಲ, ಗಣಿಯ ಕಡೆ ಮಾಸಲು ಪರದೆ ಕಟ್ಟಿತ್ತು. ಚಾಚಾ ಅದೇ ಬಿಳಿ ಅಂಗಿ, ಅದೇ ಟೋಪಿಯಲ್ಲಿ ಬಂದರು. ಈ ಸಲ ಬಟ್ಟೆಗಳು ಆರೇ, ಒಣಗಿದವು. ಎಣಿಸಿ ಡಾಕ್ಟರ ಕೈಗೆ ಕೊಟ್ಟರು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ತಿರುಗಿ ನನ್ನ ಕಡೆ ನೋಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದರು.

“ಬೇಟಾ, ಇವತ್ತ ನೀ ಖುದ್ದ ಕಣ್ಣಿಲೆ ನೋಡೀದಿ, ಹೌದಿಲ್ಲ?”

ಬೆಳಿಗ್ಗೆ ನೋಡಿದ್ದೆ. ಎರಡು ಸಲ ನೋಡಿದ್ದೆ. ಆದರೂ ಅವರ ಎದುರಿಗೇ ಇನ್ನೊಮ್ಮೆ ನೋಡಬೇಕಿತ್ತು. “ಒಂದ್ ನಿಮಿಷ ತಡೀರಿ ಚಾಚಾ,” ಎಂದೆ. ಟಾರ್ಚು ತಗೊಂಡು ಮೂತಿಯ ಕೆಳಗೆ ಅಂಗಾತ ಮಲಗಿದೆ. ಕೊಳವೆಯ ಬಾಯಲ್ಲಿ ಬೆರಳಿಟ್ಟೆ, ತಂತಿ ಹಾಕಿದೆ, ಅದು ತಡೆಯಿಲ್ಲದೆ ಮೇಲಕ್ಕೆ ಹೋಯಿತು. ಮೇಲಿನ ಸೀಳು ತೆರೆದಿತ್ತು. ಎದ್ದು ಬೆನ್ನಿನ ಮಣ್ಣು ಕೊಡವಿಕೊಂಡು ಅವರ ಮುಖ ನೋಡಿದೆ.

“ನೋಡೀನಿ ಚಾಚಾ. ಈಗ ನೋಡೀನಿ.”

ಅವರು ತಲೆದೂಗಿ ಹತ್ತಿ ಕೂತರು. ವಿಮಾನ ತೊಗರಿ ಹೊಲದ ಮೇಲೆ ಎದ್ದು, ಚಿಂಚೋಳಿಯ ಕಡೆ ತಿರುಗಿ, ಮಾಸಲು ಪರದೆಯೊಳಗೆ ಸಣ್ಣದಾಗುತ್ತ ಹೋಯಿತು. ಸದ್ದು ಅಡಗಿದ ಮೇಲೆ ನಾನು ನೆರಳಿಗೂ ಹೋಗಲಿಲ್ಲ, ನೀರೂ ಕುಡಿಯಲಿಲ್ಲ. ಒಂದೂಕಾಲು ತಾಸು ಪಟ್ಟಿಯ ಅಂಚಿನಲ್ಲೇ ನಿಂತಿದ್ದೆ. ಗಣಿಯ ಲಾರಿ ಸದ್ದು ಮಾಡಿದಾಗಲೆಲ್ಲ ಕತ್ತೆತ್ತಿ ನೋಡುತ್ತಿದ್ದೆ.

ಮರಳಿ ಇಳಿದು ಶೆಡ್ಡಿನ ಮುಂದೆ ನಿಂತಾಗ ಚಾಚಾ ಒಳಗಿನಿಂದ ಏನೋ ಕೂಗಿ ಹೇಳುತ್ತಿದ್ದರು. ಊರು ಕಂಡಿತೆಂದೋ, ಮಸೀದಿ ಕಂಡಿತೆಂದೋ. ನಾನು ಕೇಳಿಸಿಕೊಳ್ಳಲಿಲ್ಲ. ಪ್ರೊಪೆಲ್ಲರ್ ನಿಂತ ಕೂಡಲೆ ವಿಮಾನದ ಹೊಟ್ಟೆಯ ಕೆಳಗೆ ತೆವಳಿ, ಬಿಳಿ ಬಟ್ಟೆಯಿಂದ ಮೂತಿಯಿಂದ ಬಾಲದವರೆಗೆ ಒರೆಸಿದೆ. ಬಟ್ಟೆಯ ಮೇಲೆ ಎಣ್ಣೆಯ ಒಂದು ಕಲೆಯೂ ಇರಲಿಲ್ಲ. ಆಮೇಲೆ ಹೊರಗೆ ಬಂದು ಚಾಚಾನ ಮುಖ ನೋಡಿದೆ.